ಕಾಫಿ ಹೂವಿನ ಪರಿಮಳ ತಿಳಿಯದ ಹುಡುಗ

ಮದುವೆಯಾಗಿ ಎರಡು ವರ್ಷ ಕಳೆಯಿತೆಂದರೆ ಸಾಕು, 'ಏನಾದರೂ ವಿಶೇಷ ಉಂಟಾ?' ಎಂದು ಸೊಸೆಯನ್ನು ಕೇಳಲು ಶುರು. ಮಗನನ್ನು ಯಾರೂ ಕೇಳುವುದಿಲ್ಲ. ಒಕ್ಕಕ್ಕೊಂದು ಕುಡಿ ಬೇಕೆಂಬ ಹಂಬಲ ನಮ್ಮ ಕೊಡಗಿನಲ್ಲಿ ದೊಡ್ಡದು. ಹರಕೆ, ಜಾತಕ, ಸೊಸೆಯ ಸ್ಕ್ಯಾನಿಂಗ್ ಎಲ್ಲ ಮುಗಿದ ಮೇಲೆ ಕೊನೆಗೆ ಗಂಡನ ವೀರ್ಯ ಪರೀಕ್ಷೆ. ಇದ್ದುದರಲ್ಲಿ ಸುಲಭದ, ಕಡಿಮೆ ಖರ್ಚಿನ ಪರೀಕ್ಷೆ ಅದೇ! ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಪಾಲೂ ಇರುತ್ತದೆ. ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಹೇಳಿದವನಾಗಿ, ವಿದ್ಯಾರ್ಥಿಗಳೂ ಪಾಲಕರೂ ಇದನ್ನು ಸಂಕೋಚವಿಲ್ಲದೆ ಓದಲೆಂದು ಬರೆಯುತ್ತಿದ್ದೇನೆ.

ವೀರ್ಯಾಣು ತಯಾರಾಗುವುದು ವೃಷಣದಲ್ಲಿ. ಆದರೆ ಅಪ್ಪಣೆ ಬರುವುದು ತಲೆಯಿಂದ. ಮೆದುಳಿನ ಹೈಪೊಥಲಾಮಸ್ ಸೂಚನೆ ಕೊಟ್ಟಾಗ, ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಎಲ್‌ಎಚ್‌ನಿಂದ ವೃಷಣದಲ್ಲಿ ಟೆಸ್ಟೋಸ್ಟೆರಾನ್ ಹುಟ್ಟುತ್ತದೆ. ವೀರ್ಯಾಣುಗಳನ್ನು ಪೋಷಿಸುವ ಕೋಶಗಳನ್ನು ಎಫ್‌ಎಸ್‌ಎಚ್ ದುಡಿಸುತ್ತದೆ.

ಇದನ್ನು ಅರಿಯಲು ದುಡಿದವರಲ್ಲಿ ನಮ್ಮ ನಾಡಿನವರೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎನ್. ಆರ್. ಮೌದ್ಗಲ್ ಮತ್ತು ಸಂಗಡಿಗರು, ನಮ್ಮ ತೋಟಗಳಿಗೆ ನುಗ್ಗುವ ಜಾತಿಯ ಕೋತಿಗಳಿಗೇ ಕುರಿಯ ಎಫ್‌ಎಸ್‌ಎಚ್ ಅನ್ನು ಲಸಿಕೆಯಂತೆ ಕೊಟ್ಟರು. ಕೋತಿಯ ದೇಹದಲ್ಲಿ ಹುಟ್ಟಿದ ಪ್ರತಿಕಾಯಗಳು ಅದರ ಸ್ವಂತ ಎಫ್‌ಎಸ್‌ಎಚ್ ಅನ್ನೂ ಕಟ್ಟಿಹಾಕಿದವು. ಟೆಸ್ಟೋಸ್ಟೆರಾನ್ ಕುಗ್ಗಲಿಲ್ಲ, ವೀರ್ಯಾಣುಗಳ ಸಂಖ್ಯೆ ಮಾತ್ರ ಕುಸಿಯಿತು. ಅವರು ಹುಡುಕುತ್ತಿದ್ದುದು ಗಂಡಸರಿಗೊಂದು ಗರ್ಭನಿರೋಧಕ. ಆದರೆ ಗಂಡಸುತನ ಬೇರೆ, ಸಂತಾನಶಕ್ತಿ ಬೇರೆ ಎಂಬ ಪಾಠವೂ ಅದರಲ್ಲಿತ್ತು.

ಈ ಪಾಠವನ್ನು ನಾನು ಕಣ್ಣಾರೆ ಕಂಡದ್ದು ಒಬ್ಬ ವಿದ್ಯಾರ್ಥಿಯಲ್ಲಿ. ಹತ್ತನೇ ತರಗತಿಗೆ ಬಂದರೂ ಅವನ ಧ್ವನಿ ಒಡೆದಿರಲಿಲ್ಲ, ಮೀಸೆ ಚಿಗುರಿರಲಿಲ್ಲ. ಹೂಮಳೆ ಬಿದ್ದು ಸುತ್ತಲಿನ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿ, ತರಗತಿಯ ತುಂಬ ಪರಿಮಳ ಹರಡಿದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಮೈಸೂರಿನಲ್ಲಿ ಹಾರ್ಮೋನು ತಜ್ಞರಿಗೆ ತೋರಿಸಿ ಎಂದು ಅವನ ತಂದೆಗೆ ಹೇಳಿದೆ. 'ನಾನೂ ತಡವಾಗಿಯೇ ಬೆಳೆದದ್ದು ಸಾರ್' ಎಂದರು. ಹಾಗೆ ತಡವಾಗಿ ಬೆಳೆಯುವವರೇ ಹೆಚ್ಚು, ನಿಜ. ಆದರೂ ಕರೆದುಕೊಂಡು ಹೋದರು. ಅದು ಕಾಲ್‌ಮನ್ ಸಿಂಡ್ರೋಮ್. ಗರ್ಭದಲ್ಲಿದ್ದಾಗ ಮೂಗಿನ ಕಡೆಯಿಂದ ವಾಸನೆಯ ನರಗಳ ದಾರಿ ಹಿಡಿದು ಮೆದುಳು ಸೇರಬೇಕಾದ ಕೋಶಗಳು ನಡುದಾರಿಯಲ್ಲೇ ಉಳಿದುಬಿಡುತ್ತವೆ. ಹಾಗಾಗಿ ವಾಸನೆಯೂ ಇಲ್ಲ, ಅಪ್ಪಣೆಯೂ ಇಲ್ಲ.

ಟೆಸ್ಟೋಸ್ಟೆರಾನ್ ಚುಚ್ಚುಮದ್ದಿನಿಂದ ಧ್ವನಿ ಒಡೆಯಿತು, ಮೀಸೆ ಬಂತು. ಮುಂದೆ ಮದುವೆಯೂ ಆಯಿತು. ವಿಷಯವನ್ನು ಅವನು ಹುಡುಗಿಗೆ ಮೊದಲೇ ತಿಳಿಸಿದ್ದ. ಮಗು ಬೇಕೆಂದಾಗ ವೈದ್ಯರು ಮೊದಲು ನಿಲ್ಲಿಸಿದ್ದು ಆ ಚುಚ್ಚುಮದ್ದನ್ನೇ. ಏಕೆಂದರೆ ಅದು ಮೀಸೆ ಕೊಡುತ್ತದೆ, ವೀರ್ಯಾಣು ಕೊಡುವುದಿಲ್ಲ. ಬದಲಿಗೆ ಎಲ್‌ಎಚ್‌ನ ಕೆಲಸ ಮಾಡುವ ಎಚ್‌ಸಿಜಿ, ಜೊತೆಗೆ ಎಫ್‌ಎಸ್‌ಎಚ್ ಚುಚ್ಚುಮದ್ದು ವಾರವಾರವೂ ನಡೆಯಿತು. ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 74 ದಿನ ಬೇಕು. ಆದ್ದರಿಂದ ಈ ಚಿಕಿತ್ಸೆ ತಿಂಗಳುಗಟ್ಟಲೆ, ಕೆಲವರಿಗೆ ಎರಡು ವರ್ಷವೂ ಹಿಡಿಯುತ್ತದೆ. ಅವನಿಗೆ ಹದಿನಾಲ್ಕನೇ ತಿಂಗಳಲ್ಲಿ ಕೆಲವೇ ವೀರ್ಯಾಣುಗಳು ಕಂಡವು. ಹಲವರಿಗೆ ಇಷ್ಟರಲ್ಲೇ ಸಹಜವಾಗಿ ಗರ್ಭ ನಿಲ್ಲುವುದೂ ಉಂಟು. ಇವರಿಗೆ ಇಕ್ಸಿ ಬೇಕಾಯಿತು. ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಈ ವಿಧಾನದಿಂದ ಗರ್ಭ ನಿಂತದ್ದನ್ನು 1992ರಲ್ಲಿ ಬ್ರಸೆಲ್ಸ್‌ನ ವೈದ್ಯರು ಮೊದಲು ವರದಿ ಮಾಡಿದರು. ಇವರಿಗೆ ಎರಡನೇ ಪ್ರಯತ್ನ ಫಲಿಸಿತು.

ಹಾಗೆಂದು ಹಾರ್ಮೋನು ಎಲ್ಲರಿಗೂ ಮದ್ದಲ್ಲ. ಅಪ್ಪಣೆ ಬಂದರೂ ವೃಷಣವೇ ಹಾಳಾಗಿದ್ದರೆ, ಅಥವಾ ನಾಳ ಕಟ್ಟಿಕೊಂಡಿದ್ದರೆ, ಅದರಿಂದ ಉಪಯೋಗ ಕಡಿಮೆ. ರಕ್ತಪರೀಕ್ಷೆಯಿಲ್ಲದೆ ಚುಚ್ಚಿಸಿಕೊಳ್ಳುವುದು ದುಡ್ಡು ದಂಡ.

ಯುವಕರಿಗೆ ಇನ್ನೊಂದು ಮಾತು. ಮೈಕಟ್ಟಿಗೆಂದು ಕೆಲವು ಜಿಮ್‌ಗಳಲ್ಲಿ ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳುವವರಿದ್ದಾರೆ. ಮನೆಯ ಮೇಲಿನ ಟ್ಯಾಂಕಿಗೆ ಕೊಡದಲ್ಲಿ ನೀರು ಸುರಿದರೆ ಒಳಗಿನ ತೇಲುಗುಂಡು ಮೇಲೆದ್ದು ನಲ್ಲಿಯನ್ನು ಮುಚ್ಚುತ್ತದಷ್ಟೆ? ಹೊರಗಿನ ಹಾರ್ಮೋನು ಬಂದರೆ ಪಿಟ್ಯುಟರಿಯೂ ಹಾಗೆಯೇ ಅಪ್ಪಣೆ ನಿಲ್ಲಿಸುತ್ತದೆ. ತೋಳು ದಪ್ಪವಾಗುತ್ತದೆ, ವೀರ್ಯಾಣು ಬತ್ತುತ್ತದೆ. ಮದ್ದು ಬಿಟ್ಟ ಮೇಲೂ ಸರಿಹೋಗಲು ತಿಂಗಳುಗಳೇ ಬೇಕು.

ಪಾಲಕರೇ, ಗಂಡು ಮಗುವಿನ ವೃಷಣ ಕೆಳಗಿಳಿಯದಿದ್ದರೆ ಮೊದಲ ವರ್ಷದಲ್ಲೇ ವೈದ್ಯರಿಗೆ ತೋರಿಸಿ. 14 ತುಂಬಿದರೂ ಪ್ರಾಯದ ಲಕ್ಷಣ ಕಾಣದಿದ್ದರೆ ನಾಚಿಕೆ ಬಿಟ್ಟು ವಿಚಾರಿಸಿ. ಪ್ರನಾಳ ಶಿಶು ಕೇಂದ್ರಕ್ಕೆ ಹೋಗುವವರು ಅದು 2021ರ ಕಾಯ್ದೆಯಡಿ ನೋಂದಣಿಯಾಗಿದೆಯೇ ಎಂದು ಕೇಳಿ. ಎಲ್ಲಕ್ಕಿಂತ ಮೊದಲು, ಪರೀಕ್ಷೆಗೆ ಸೊಸೆಯೊಬ್ಬಳನ್ನೇ ಕಳಿಸಬೇಡಿ. ಮಗನೂ ಅದೇ ದಿನ ಜೊತೆಯಲ್ಲಿ ಹೋಗಲಿ.