ಸಂಬಳವಿಲ್ಲದ ಕೆಲಸ, ತುಕ್ಕು ಹಿಡಿಯುವ ರೈಲು

ರಾತ್ರಿ ಊಟ ಮುಗಿದ ಮೇಲೆ ನಾನು ರೈಲ್ವೆ ಕಂಪನಿ ನಡೆಸುತ್ತೇನೆ ಅಂದರೆ ನಮ್ಮೂರಲ್ಲಿ ನಗುತ್ತಾರೆ. ನಿಜವಾದ ರೈಲು ನೋಡಬೇಕಾದರೆ ನಾವು ಬಸ್ಸು ಹತ್ತಿ ಅರಸೀಕೆರೆಗೆ ಹೋಗಬೇಕು. ಆದರೆ ಎರಡು ವರ್ಷದಿಂದ ನಾನು ಹಳೇ ಲ್ಯಾಪ್‌ಟಾಪಿನಲ್ಲಿ, ಕೆಲವೊಮ್ಮೆ ಫೋನಿನಲ್ಲೇ, ಹಳಿ ಹಾಕುತ್ತಿದ್ದೇನೆ, ರೈಲು ಕೊಳ್ಳುತ್ತಿದ್ದೇನೆ, ಷೇರು ಮಾರುತ್ತಿದ್ದೇನೆ. ಇದೊಂದು ಬೋರ್ಡ್ ಆಟ. ಅದನ್ನು ಕಂಪ್ಯೂಟರಿಗೆ ತರುತ್ತಿರುವವರ ಗುಂಪಿನಲ್ಲಿ ನನ್ನದು ತಪ್ಪು ಹುಡುಕುವ ಕೆಲಸ. ಗುಂಪಿನಲ್ಲಿ ಯಾರಿಗೂ ಸಂಬಳವಿಲ್ಲ.

"ದುಡ್ಡು ಬರಲ್ಲ ಅಂದ್ಮೇಲೆ ಯಾಕೆ ಮಾಡ್ತೀಯ?" ಅಂತ ಮನೆಯವರು, ಗೆಳೆಯರು ಎಲ್ಲ ಕೇಳಿದ್ದಾರೆ. ಪತ್ರಿಕೆಗೆ ಸುದ್ದಿ ಕಳಿಸಿ ಬರುವ ದುಡ್ಡಲ್ಲೇ ತಿಂಗಳು ದೂಡುವ ನನ್ನಂಥವನಿಗೆ ಅದು ನ್ಯಾಯವಾದ ಪ್ರಶ್ನೆ. ಉತ್ತರ ಹೇಳುವ ಮೊದಲು ಆಟದ ಪರಿಚಯ ಮಾಡಿಕೊಡುತ್ತೇನೆ.

1974ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಟ್ರೆಶಮ್ ಎಂಬುವರು '1829' ಎಂಬ ಆಟ ಹೊರತಂದರು. ಅವರೇ ರೂಪಿಸಿದ '1830' ಆಟವನ್ನು 1986ರಲ್ಲಿ ಅಮೆರಿಕದ ಆವಲಾನ್ ಹಿಲ್ ಕಂಪನಿ ಪ್ರಕಟಿಸಿತು. 1989ರಲ್ಲಿ ಟ್ರೆಶಮ್ ಭಾರತದ ರೈಲುಗಳ ಮೇಲೂ ಒಂದು ಆಟ ಮಾಡಿದರು. ಅದರ ಹೆಸರು '1853'. ಬೋರಿ ಬಂದರಿನಿಂದ ಠಾಣೆಗೆ ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಓಡಿದ್ದು ಅದೇ ವರ್ಷ. ಈಗ ಇಂಥ ಆಟಗಳು ನೂರಕ್ಕೂ ಹೆಚ್ಚಿವೆ. ಬಹಳಷ್ಟರ ಹೆಸರು 18ರಿಂದ ಶುರುವಾಗುವುದರಿಂದ ಇಡೀ ಬಳಗಕ್ಕೇ 'ಏಟೀನ್ ಎಕ್ಸ್ ಎಕ್ಸ್' ಅನ್ನುತ್ತಾರೆ.

'1830'ರಲ್ಲಿ ದಾಳವಿಲ್ಲ. ಆಡುವವರು ಕಂಪನಿಗಳ ಷೇರು ಕೊಳ್ಳುತ್ತಾರೆ. ಒಂದು ಕಂಪನಿಯಲ್ಲಿ ಯಾರ ಷೇರು ಹೆಚ್ಚೋ ಅವರೇ ಅದರ ಅಧ್ಯಕ್ಷರು. ಹಳಿ ಎಲ್ಲಿ ಹಾಕಬೇಕು, ಯಾವ ರೈಲು ಕೊಳ್ಳಬೇಕು ಎಂದು ತೀರ್ಮಾನಿಸುವವರು ಅವರು. ರೈಲುಗಳಿಗೆ ಆಯಸ್ಸಿದೆ. 80 ಡಾಲರಿನ ಸಣ್ಣ ರೈಲಿನಿಂದ ಆಟ ಶುರು. ಯಾರಾದರೂ 300 ಡಾಲರಿನ ಮೊದಲ ದೊಡ್ಡ ರೈಲು ಕೊಂಡ ಕೂಡಲೇ ಎಲ್ಲರ ಬಳಿಯಿರುವ ಸಣ್ಣ ರೈಲುಗಳೂ ಗುಜರಿಗೆ. ಇದಕ್ಕೆ ತುಕ್ಕು ಹಿಡಿಯುವುದು ಅನ್ನುತ್ತಾರೆ. ಹಳಿ ಇದ್ದೂ ರೈಲಿಲ್ಲದ ಕಂಪನಿ ಹೊಸ ರೈಲು ಕೊಳ್ಳಲೇಬೇಕು. ಕಂಪನಿಯ ಪೆಟ್ಟಿಗೆಯಲ್ಲಿ ಹಣವಿಲ್ಲದಿದ್ದರೆ ಅಧ್ಯಕ್ಷರು ಸ್ವಂತ ಜೇಬಿನಿಂದ ಕೊಡಬೇಕು. ಅವರಿಂದಲೂ ಆಗದಿದ್ದರೆ ದಿವಾಳಿ, ಆಟವೇ ಮುಗಿಯಿತು.

ಮೇಜಿನ ಸುತ್ತ ಕೂತು ಆಡಿದರೆ ಇದಕ್ಕೆ ನಾಲ್ಕೈದು ಗಂಟೆ ಬೇಕು. ಹೊರದೇಶದಿಂದ ಪೆಟ್ಟಿಗೆ ತರಿಸಲು ಸಾವಿರಾರು ರೂಪಾಯಿ ಬೇಕು. ಆಡಲು ಜೊತೆಗಾರರೂ ಬೇಕು. ನಮ್ಮ ಊರುಗಳಲ್ಲಿ ಈ ಮೂರೂ ಕೂಡಿ ಬರುವುದಿಲ್ಲ. ಹಾಗಾಗಿ ಕಂಪ್ಯೂಟರ್ ಆವೃತ್ತಿ ಬೇಕು.

1995ರಲ್ಲೇ '1830'ರ ಕಂಪ್ಯೂಟರ್ ಆವೃತ್ತಿ ಮಾರಾಟಕ್ಕೆ ಬಂದಿತ್ತು. ಅದು ಅಂದಿನ ಡಾಸ್ ಯಂತ್ರಗಳಿಗಾಗಿ ಮಾಡಿದ್ದು. ಯಂತ್ರಗಳು ಬದಲಾದವು, ಅದು ಹಿಂದೆಯೇ ಉಳಿಯಿತು. ಆಮೇಲೆ ಆಟ ಇಷ್ಟಪಡುವವರೇ ಕೈಹಾಕಿದರು. 'ರೈಲ್ಸ್' ಎಂಬ ಪ್ರೋಗ್ರಾಂ ಅನ್ನು ಸ್ವಯಂಸೇವಕರು ಜಾವಾ ಭಾಷೆಯಲ್ಲಿ ಬರೆದು, ಅದರ ಕೋಡ್ ಅನ್ನು ಎಲ್ಲರಿಗೂ ತೆರೆದಿಟ್ಟರು. ಇವತ್ತು ಬ್ರೌಸರಿನಲ್ಲೇ ಪುಕ್ಕಟೆ ಆಡುವ ವ್ಯವಸ್ಥೆಯೂ ಇದೆ. ಕೋಡ್ ತೆರೆದಿದ್ದರೆ ಬರೆದವರು ಬಿಟ್ಟುಹೋದರೂ ಇನ್ನೊಬ್ಬರು ಮುಂದುವರಿಸಬಹುದು.

ಇನ್ನು ನನ್ನ ಕೆಲಸ. ನನಗೆ ಕೋಡ್ ಬರೆಯಲು ಬರುವುದಿಲ್ಲ. ಪರೀಕ್ಷೆ ಮಾಡುವವನಿಗೆ ಅದು ಬೇಕಾಗಿಯೂ ಇಲ್ಲ. ನಿಯಮಪುಸ್ತಕವನ್ನು ಸಾಲುಸಾಲಾಗಿ ಓದಬೇಕು. ಪ್ರೋಗ್ರಾಂ ಹಾಗೆಯೇ ನಡೆಯುತ್ತದಾ ಎಂದು ಆಡಿ ನೋಡಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಸುಲಭಕ್ಕೆ ಹೆಸರು ಇಟ್ಟುಕೊಳ್ಳೋಣ. ಆಟದ ಸರದಿಯಲ್ಲಿ ರಾಜ, ಸುಮ, ನಾಗ, ಲತಾ ಕೂತಿದ್ದಾರೆ. ಕಂಪನಿಯ ಅಧ್ಯಕ್ಷ ನಾಗ, ಅವನ ಬಳಿ ಶೇ. 40 ಷೇರು. ರಾಜ ಮತ್ತು ಲತಾ ಬಳಿ ತಲಾ ಶೇ. 30. ಕಂಪನಿಯ ರೈಲಿಗೆ ತುಕ್ಕು ಹಿಡಿಯುವ ಕಾಲ ಹತ್ತಿರ ಬಂತು ಅಂತ ನಾಗ ಅರ್ಧ ಷೇರು ಮಾರಿ ಕೈತೊಳೆದುಕೊಳ್ಳುತ್ತಾನೆ. ಈಗ ಅಧ್ಯಕ್ಷರು ಯಾರು? ಇಬ್ಬರದೂ ಸಮ. ಹಳೇ ಅಧ್ಯಕ್ಷನ ನಂತರ ಸರದಿಯಲ್ಲಿ ಮೊದಲು ಬರುವವರು ಎನ್ನುತ್ತದೆ ನಿಯಮ. ಅಂದರೆ ಲತಾ. ನಾವು ಪರೀಕ್ಷಿಸುತ್ತಿದ್ದ ಪ್ರೋಗ್ರಾಂ ರಾಜನನ್ನು ಅಧ್ಯಕ್ಷ ಮಾಡಿತು. ಪಟ್ಟಿಯಲ್ಲಿ ಅವನ ಹೆಸರು ಮೇಲಿತ್ತು, ಅಷ್ಟೇ ಕಾರಣ. ಮುಂದಿನ ಸುತ್ತಿನಲ್ಲಿ ರಾಜ ಜೇಬಿನಿಂದ 300 ಡಾಲರ್ ಕಟ್ಟಬೇಕು. ವಾರಗಟ್ಟಲೆ ದಿನಕ್ಕೊಂದೆರಡು ನಡೆಯಂತೆ ಆಡಿಕೊಂಡು ಬಂದ ಆಟ, ಮಾಡದ ತಪ್ಪಿಗೆ ಅವನ ಕೈತಪ್ಪುತ್ತದೆ.

ಇದನ್ನು ವರದಿ ಮಾಡುವಾಗ ನನ್ನ ಪತ್ರಿಕೋದ್ಯಮದ ಪಾಠವೇ ಉಪಯೋಗಕ್ಕೆ ಬಂತು. ಯಾವ ಆಟ, ಎಷ್ಟನೇ ನಡೆ, ಯಾರ ಬಳಿ ಎಷ್ಟು ಷೇರಿತ್ತು, ಆಗಿದ್ದೇನು, ನಿಯಮದ ಪ್ರಕಾರ ಆಗಬೇಕಿದ್ದುದೇನು. "ಆಟ ಕೆಟ್ಟಿದೆ, ಸರಿ ಮಾಡಿ" ಎಂದು ಬರೆದರೆ ದೂರದಲ್ಲೆಲ್ಲೋ ನೌಕರಿ ಮುಗಿಸಿ ಬಂದು ಕೋಡ್ ನೋಡುವವರಿಗೆ ಏನೂ ತಿಳಿಯುವುದಿಲ್ಲ. "ಊರಲ್ಲಿ ನೀರಿಲ್ಲ" ಎನ್ನುವುದಕ್ಕೂ "ಕೆಳಗಿನ ಕೇರಿಯ ಬೋರ್‌ವೆಲ್ ಮೋಟಾರು ಸೋಮವಾರದಿಂದ ಸುಟ್ಟುಹೋಗಿದೆ" ಎನ್ನುವುದಕ್ಕೂ ಇರುವ ವ್ಯತ್ಯಾಸ ಇದು. ಎರಡನೆಯದನ್ನು ಹೇಳಿದರೆ ಕೆಲಸ ಆಗುತ್ತದೆ.

ತಿದ್ದುವುದೂ ಸುಲಭವಲ್ಲ. ಇಂಥ ಪ್ರೋಗ್ರಾಂ ಸಾಮಾನ್ಯವಾಗಿ ಎಲ್ಲ ನಡೆಗಳನ್ನೂ ಕ್ರಮವಾಗಿ ಬರೆದಿಟ್ಟುಕೊಂಡು, ಆಟ ತೆರೆದಾಗ ಮೊದಲಿನಿಂದ ಲೆಕ್ಕ ಹಾಕಿಕೊಂಡು ಬರುತ್ತದೆ. ನಿಯಮ ತಿದ್ದಿದರೆ ನಡೆಯುತ್ತಿರುವ ಆಟಗಳ ಹಳೇ ಲೆಕ್ಕ ಬದಲಾಗಿ, ನಿನ್ನೆ ಸರಿಯಿದ್ದ ನಡೆ ಇವತ್ತು ತಪ್ಪಾಗಬಹುದು. ಆಗ ಆ ಆಟಗಳನ್ನು ಹಳೇ ಕೋಡಿನಲ್ಲೇ ಮುಗಿಯಲು ಬಿಡಬೇಕು, ಇಲ್ಲವೇ ಆಡುವವರನ್ನು ಒಪ್ಪಿಸಿ ಹಿಂದಕ್ಕೆ ಒಯ್ಯಬೇಕು. ಮುಗಿದ ಆಟಗಳು ಕೂಡ ವ್ಯರ್ಥವಲ್ಲ. ಕೋಡ್ ಬದಲಾದಾಗಲೆಲ್ಲ ಅವನ್ನು ಮತ್ತೆ ಓಡಿಸಿ ಫಲಿತಾಂಶ ಅದೇ ಬರುತ್ತದಾ ಎಂದು ನೋಡುತ್ತಾರೆ. ನಾನು ಸೋತ ಒಂದು ಆಟವೂ ಹೀಗೆ ಪರೀಕ್ಷೆಗೆ ನಿಂತಿದೆ. ಗೆದ್ದದ್ದಕ್ಕಿಂತ ಅದು ನನಗೆ ಹೆಚ್ಚು ಖುಷಿ.

ಈಗ ಆ ಪ್ರಶ್ನೆಗೆ ಉತ್ತರ. ನಾನು ಪುಕ್ಕಟೆ ಆಡುತ್ತಿರುವುದು ಯಾರೋ ಪುಕ್ಕಟೆ ದುಡಿದದ್ದರಿಂದ. ನನ್ನ ಪಾಲು ನಾನು ಕೊಡುತ್ತೇನೆ. ಮುಯ್ಯಿ ಮಾಡುವ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಬಾಯಿಮಾತಿನ ಒಪ್ಪಂದಕ್ಕೂ ಬರೆದಿಟ್ಟ ನಿಯಮಕ್ಕೂ ಎಷ್ಟು ದೂರವಿದೆ ಅನ್ನುವುದು ಈ ಕೆಲಸದಿಂದ ತಿಳಿಯಿತು. ಮೇಜಿನ ಸುತ್ತ ಕೂತವರು ಜಗಳ ಬಂದರೆ ಮಾತಾಡಿಕೊಂಡು ಬಗೆಹರಿಸಿಕೊಳ್ಳುತ್ತಾರೆ. ಕಂಪ್ಯೂಟರಿಗೆ ಮಾತಾಡಿಕೊಳ್ಳಲು ಬರುವುದಿಲ್ಲ. ಅದಕ್ಕೆ ಎಲ್ಲವನ್ನೂ ಮೊದಲೇ ಹೇಳಿರಬೇಕು.

ಅದಕ್ಕೇ ಈಗ ನಾನು ನಮ್ಮ ಚೌಕಾಬಾರದ ನಿಯಮ ಬರೆಯಲು ಕೂತಿದ್ದೇನೆ. ನಾಲ್ಕು ಕವಡೆ, ಚೌಕ ಬಿದ್ದರೂ ಬಾರ ಬಿದ್ದರೂ ಮತ್ತೊಂದು ಆಟ, ಇಷ್ಟು ಎಲ್ಲರಿಗೂ ಗೊತ್ತು. ಒಂದು ಕಾಯಿಯನ್ನೂ ಹೊಡೆಯದೆ ಒಳಮನೆಗೆ ಹೋಗಬಹುದಾ? ಮೂರು ಸಲ ಸಾಲಾಗಿ ಚೌಕ ಬಿದ್ದರೆ ಲೆಕ್ಕವಾ, ಸುಟ್ಟುಹೋಯಿತಾ? ನಮ್ಮ ಓಣಿಯಲ್ಲೇ ಎರಡು ಮನೆಯ ಅಜ್ಜಿಯರು ಎರಡು ಥರ ಹೇಳಿದರು. ಎರಡನ್ನೂ, ಹೇಳಿದವರ ಹೆಸರಿನ ಸಮೇತ ಬರೆದುಕೊಂಡೆ. ನಿಮ್ಮ ಮನೆಯಲ್ಲಿ ಈ ಆಟ ಗೊತ್ತಿರುವ ಹಿರಿಯರಿದ್ದರೆ ಈ ಭಾನುವಾರ ಅವರ ಜೊತೆ ಕೂತು ಒಂದಾಟ ಆಡಿ. ಜಗಳ ಬಂದ ಜಾಗದಲ್ಲಿ ನಿಲ್ಲಿಸಿ, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದಿಟ್ಟುಕೊಳ್ಳಿ.