ಮೊಲದ ಕೂಗು

ನನ್ನ ಮಗಳೂ ಅಳಿಯನೂ ಅಮೆರಿಕದ ನೆಬ್ರಾಸ್ಕ ಸಂಸ್ಥಾನದಲ್ಲಿ ನೆಲೆಸಿರುವರು. 2018ನೆಯ ಇಸವಿಯ ಮೊದಲ ಮೂರು ತಿಂಗಳುಗಳನ್ನು ನಾನೂ ನನ್ನ ಮನೆಯವರೂ ಅವರಲ್ಲಿ ಕಳೆದೆವು. ಆ ದೇಶಕ್ಕೆ ಹೋಗಿಬಂದವರು ಮುಗಿಲು ಮುಟ್ಟುವ ಸೌಧಗಳನ್ನೂ ಜಲಪಾತವನ್ನೂ ವರ್ಣಿಸುವುದು ವಾಡಿಕೆ. ನನಗೆ ಆ ಭಾಗ್ಯವಿಲ್ಲ. ನಾನು ಕಂಡದ್ದು ಓಮಹಾ ನಗರಕ್ಕೆ ಪಡುವಲಲ್ಲಿ, ಪ್ಲಾಟ್ ನದಿಯ ಬಯಲಿನಲ್ಲಿ ಹಬ್ಬಿರುವ ಹೊಲಗಳನ್ನು. ಕೊಯ್ಲು ಮುಗಿದ ಮುಸುಕಿನ ಜೋಳದ ಕೂಳೆಯನ್ನು. ಅದರ ಮೇಲೆ ಬಿದ್ದಿದ್ದ ಹಿಮವನ್ನು. ಮತ್ತು ಆ ಹಿಮದ ಮೇಲೆ ನಡೆದ ಒಂದು ಕೊಲೆಯನ್ನು. ಆ ಕೊಲೆಯಲ್ಲಿ ನನ್ನ ಉಸಿರಿನ ಪಾಲೂ ಇದ್ದುದರಿಂದ ಇದನ್ನು ಬರೆಯುತ್ತಿದ್ದೇನೆ.

ಮಗಳ ಮನೆಯಿಂದ ಅರ್ಧ ಮೈಲಿಯ ದೂರದಲ್ಲಿ ಒಬ್ಬ ವೃದ್ಧ ಬೇಸಾಯಗಾರರ ಮನೆಯಿದ್ದಿತು. ಅವರನ್ನು ಇಲ್ಲಿ ಯಜಮಾನರೆಂದೇ ಕರೆಯುವೆನು. ಮಡದಿ ತೀರಿಕೊಂಡ ಮೇಲೆ ಹೊಲವನ್ನೆಲ್ಲ ಗುತ್ತಿಗೆಗೆ ಕೊಟ್ಟು, ಆಕೆ ಸಾಕಿದ್ದ ಅರುವತ್ತು ಕುರಿಗಳನ್ನು ಮಾತ್ರ ಕೈಬಿಡದೆ ಉಳಿಸಿಕೊಂಡಿದ್ದರು. ನಾನು ಮೊದಲ ದಿನ ಅವರ ಕೊಟ್ಟಿಗೆಗೆ ಹೋದಾಗ ಒಂದು ಕುರಿಯ ತುಟಿಯನ್ನು ಬಿಡಿಸಿ, ಹಲ್ಲು ನೋಡಿ ಅದರ ವಯಸ್ಸನ್ನು ಹೇಳಿಬಿಟ್ಟೆನು. ಅಂದಿನಿಂದ ಅವರಿಗೆ ನನ್ನಲ್ಲಿ ವಿಶ್ವಾಸ ಬೆಳೆಯಿತು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಹೇಳಿದವನಿಗೆ ಈ ವಿದ್ಯೆ ಎಲ್ಲಿಯದೆಂದು ಕೇಳಿದರು. ಶಿರಾ ಸೀಮೆಯಲ್ಲಿ ನಮ್ಮ ತಾತನವರಿಗೆ ಕುರಿಯ ರೊಪ್ಪವಿದ್ದುದನ್ನು ಹೇಳಿದೆನು. ತೋಳ ಮರಿಯೊಯ್ದ ದಿನ ತಾತನವರು "ಅದರ ಪಾಲು ಅದು ತಗೊಂಡು ಹೋಯ್ತು ಬಿಡ್ರೋ" ಎನ್ನುತ್ತಿದ್ದುದನ್ನೂ ಹೇಳಿದೆನು. ಯಜಮಾನರು ಕೇಳಿ, "ನಿಮ್ಮ ತಾತ ನನಗಿಂತ ದೊಡ್ಡವರು" ಎಂದು ಸುಮ್ಮನಾದರು.

ಅವರ ಶತ್ರು ತೋಳವಲ್ಲ, ಕಯೋಟಿ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಬೂದು ಬೆರೆತ ಕಂದು ಮೈ, ನಿಮಿರಿದ ಕಿವಿ, ತುದಿ ಕಪ್ಪಾದ ಪೊದೆಬಾಲ. ತೂಕ ಮೂವತ್ತು ಪೌಂಡಿನ ಆಸುಪಾಸು. ಹೆಸರು ಮೆಕ್ಸಿಕೋ ದೇಶದ ನವಾತ್ಲ್ ಭಾಷೆಯ ಕೊಯೊತ್ಲ್ ಎಂಬ ಪದದಿಂದ ಬಂದುದು. ಓಮಹಾಕ್ಕೆ ಬಡಗಲಲ್ಲಿ, ಮಿಸ್ಸೂರಿ ನದಿಯ ದಡದಲ್ಲಿ, 1819–20ರ ಚಳಿಗಾಲವನ್ನು ಕಳೆದ ಅನ್ವೇಷಕರ ತಂಡದಲ್ಲಿ ತಾಮಸ್ ಸೇ ಎಂಬ ಪ್ರಾಣಿಶಾಸ್ತ್ರಜ್ಞನಿದ್ದನು. ಇದಕ್ಕೆ 'ಬೊಗಳುವ ನಾಯಿ' ಎಂಬ ಅರ್ಥದ ಲ್ಯಾಟಿನ್ ಹೆಸರು ಬಂದುದು 1823ರಲ್ಲಿ ಅವನ ವರ್ಣನೆ ಅಚ್ಚಾದಾಗ. ಬೊಗಳುವುದೆಂದರೆ ಸಾಲದು; ಇರುಳಿನಲ್ಲಿ ಎರಡು ಕೂಗಿದರೆ ಹತ್ತು ಕೂಗಿದಂತೆ ಕೇಳುವುದು. ಮೊದಲ ರಾತ್ರಿ ನನ್ನ ಮನೆಯವರು ಎದ್ದು ಕುಳಿತು, ಇದೇನು ಊರಿನ ಹೆಂಗಸರೆಲ್ಲ ಒಟ್ಟಿಗೆ ಅಳುತ್ತಿರುವರೇ ಎಂದು ಕೇಳಿದರು.

ಆ ನಾಡಿನವರು ಈ ಪ್ರಾಣಿಯೊಡನೆ ನಡೆಸಿದ ಹೋರಾಟ ಸಾಮಾನ್ಯವಾದುದಲ್ಲ. ಕೋವಿ, ಬೋನು, ಕುಚಲದ ವಿಷ, ಹೀಗೆ ಯಾವುದನ್ನೂ ಬಿಡಲಿಲ್ಲ. 1931ರಲ್ಲಿ ಸರಕಾರವೇ ಕಾಯಿದೆ ಮಾಡಿ ಸಂಹಾರಕ್ಕೆ ನಿಂತಿತು. ಕೇಂದ್ರ ಸರಕಾರದ ಭೂಮಿಗಳಲ್ಲಿ ವಿಷವಿಡುವುದನ್ನು ಅಧ್ಯಕ್ಷ ನಿಕ್ಸನ್ನರು ನಿಷೇಧಿಸಿದ್ದು 1972ರಲ್ಲಿ. ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಅದೇ ವರ್ಷದ್ದು. ಇಷ್ಟಾದರೂ ತೋಳ ಅಳಿಯಿತು, ಕಯೋಟಿ ಬೆಳೆಯಿತು. ತೋಳ ಬಿಟ್ಟುಹೋದ ನೆಲವನ್ನೆಲ್ಲ ತಾನು ಹಿಡಿದು, ಈಗ ಹವಾಯಿ ದ್ವೀಪಗಳೊಂದನ್ನು ಬಿಟ್ಟು ಉಳಿದೆಲ್ಲ ಸಂಸ್ಥಾನಗಳಲ್ಲಿಯೂ ವಾಸವಾಗಿದೆ. 1975ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಇಬ್ಬರು ವಿದ್ವಾಂಸರು ಲೆಕ್ಕ ಹಾಕಿ, ನೂರಕ್ಕೆ 75ರಂತೆ ಪ್ರತಿವರ್ಷ ಕೊಂದರೂ ಈ ಸಂತತಿ ನಾಶವಾಗಲು ಐವತ್ತು ವರ್ಷಗಳು ಬೇಕೆಂದು ತೋರಿಸಿದರು. ಸಂಖ್ಯೆ ಕುಗ್ಗಿದಷ್ಟೂ ಉಳಿದವು ಹೆಚ್ಚು ಮರಿ ಹಾಕುವುವಂತೆ. ನಾನು ಮೇಷ್ಟರ ಚಾಳಿಯಂತೆ ಈ ಲೆಕ್ಕವನ್ನು ಯಜಮಾನರ ಮುಂದೆ ಒಪ್ಪಿಸಿದೆನು.

"ನಾನು ಅವುಗಳ ಕುಲ ಕಡಿಯಲು ಹೊರಟವನಲ್ಲ" ಎಂದರು ಅವರು. "ಹೋದ ವಸಂತದಲ್ಲಿ ಒಂಬತ್ತು ಮರಿ ಹೋದವು. ಎಲ್ಲಕ್ಕೂ ಗಂಟಲಲ್ಲೇ ಹಲ್ಲಿನ ಗುರುತು. ಕಾವಲಿಗಿದ್ದ ದೊಡ್ಡ ಬಿಳಿ ನಾಯಿ ಮುದಿಯಾಗಿ ಸತ್ತಿತು. ತೊರೆಯ ಬಳಿ ಒಂದು ಜೋಡಿ ಇದೆ, ಗಂಡು ಹೆಣ್ಣು. ತಮ್ಮ ಮರಿಗಳಿಗೆ ಉಣಿಸಬೇಕಾದ ಜೋಡಿಯೇ ಕುರಿಮರಿಗೆ ಬರುವುದು. ಫೆಬ್ರವರಿಯ ಕೊನೆಗೆ ನನ್ನ ಕುರಿಗಳು ಈಯುತ್ತವೆ. ಅಷ್ಟರೊಳಗೆ ಆ ಎರಡು ಹೋಗಬೇಕು, ಅಷ್ಟೆ." ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ.

ಕಯೋಟಿಯನ್ನು ಅಟ್ಟಿಕೊಂಡು ಹೋಗಿ ಹೊಡೆಯುವುದು ಆಗದ ಮಾತು. ಆದುದರಿಂದ ಅದನ್ನು ಕರೆದು ಹೊಡೆಯುವರು. ಕರೆಯುವ ಸಾಧನ ಗೇಣಿಗಿಂತ ಚಿಕ್ಕದಾದ ಒಂದು ಮರದ ಪೀಪಿ. ಒಳಗೆ ತೆಳ್ಳನೆಯ ತಗಡಿನ ನಾಲಗೆ. ಅಂಗೈಯನ್ನು ಬೊಗಸೆಮಾಡಿ ಮುಚ್ಚುತ್ತ ತೆರೆಯುತ್ತ ಊದಿದರೆ, ಹದ್ದಿನ ಕಾಲಿಗೆ ಸಿಕ್ಕ ಮೊಲ ಅರಚುವಂತೆ ಅರಚುವುದು. ಯಜಮಾನರ ಮಗನು ಪಟ್ಟಣದಿಂದ ಒಂದು ವಿದ್ಯುದ್ಯಂತವನ್ನು ಕಳುಹಿಸಿದ್ದನು. ಅದರಲ್ಲಿ ನಾನಾ ಪ್ರಾಣಿಗಳ ದನಿಗಳಿದ್ದವು. ದೂರದಲ್ಲಿ ಕುಳಿತು ಗುಂಡಿಯೊತ್ತಿದರೆ ಸಾಕು. ಅದು ಪೆಟ್ಟಿಗೆಯಿಂದ ಹೊರಕ್ಕೇ ಬಂದಿರಲಿಲ್ಲ. "ಅದಕ್ಕೆ ಉಸಿರು ಕಟ್ಟುವುದಿಲ್ಲ, ಎಲ್ಲಿ ನಿಲ್ಲಿಸಬೇಕೆಂಬುದು ಅದಕ್ಕೇನು ಗೊತ್ತು!" ಎನ್ನುವರು. ಆದರೆ ಆ ವರ್ಷ ಕೆಮ್ಮಿನಿಂದಾಗಿ ಅವರ ಉಸಿರೇ ಕಟ್ಟುತ್ತಿತ್ತು. ನನ್ನ ಎದೆ ಗಟ್ಟಿಯಾಗಿದ್ದಿತು. ಹೀಗೆ ಪೀಪಿ ನನ್ನ ಕೈಗೆ ಬಂದಿತು.

ಅಭ್ಯಾಸಕ್ಕೆಂದು ಮಗಳ ಮನೆಯಲ್ಲಿ ಒಮ್ಮೆ ಊದಿದೆನು. ಮೊಮ್ಮಗಳು ಆಟಿಕೆ ಬಿಟ್ಟು ಓಡಿಹೋಗಿ ಅಜ್ಜಿಯ ಸೆರಗಿನಲ್ಲಿ ಮುಖ ಹುದುಗಿಸಿಕೊಂಡಳು. "ಏನೂಂದ್ರೆ, ಆ ಸದ್ದು ಮನೆಯೊಳಗೆ ಬೇಡ. ಮಗು ಬೆಚ್ಚುತ್ತೆ" ಎಂದರು ನನ್ನ ಮನೆಯವರು. ಸ್ವಲ್ಪ ತಡೆದು, "ನನಗೂ ಆಗೋದಿಲ್ಲ" ಎಂದರು. ಮುಂದಿನ ಅಭ್ಯಾಸವೆಲ್ಲ ಕುರಿಯ ಕೊಟ್ಟಿಗೆಯ ಹಿಂದೆ ನಡೆಯಿತು. ಹಳಗನ್ನಡ ಪಾಠ ಹೇಳುವಾಗ 'ಗೋರಿ' ಎಂಬ ಪದ ಬಂದರೆ, ಬೇಡರು ಜಿಂಕೆಗಳನ್ನು ಮರುಳುಗೊಳಿಸಿ ಹತ್ತಿರಕ್ಕೆ ಕರೆಯಲು ಹಾಡುತ್ತಿದ್ದ ಹಾಡು ಎಂದು ಅರ್ಥ ಹೇಳುತ್ತಿದ್ದೆನು. ಸಮಾಧಿಗೂ ನಾವು ಗೋರಿಯೆನ್ನುವೆವಷ್ಟೆ. ಅದು ಬೇರೆ ಪದ, ಪಾರಸಿಯಿಂದ ಬಂದುದು, ಎರಡನ್ನೂ ಕಲಸಬಾರದು ಎಂದು ಹುಡುಗರನ್ನು ಗದರಿಸುತ್ತಲೂ ಇದ್ದೆನು.

ಜನವರಿಯ ಕೊನೆಯ ವಾರದ ಒಂದು ಮುಂಜಾನೆ ಹೊರಟೆವು. ಹಿಮದಲ್ಲಿ ಕಾಣದಂತೆ ಇಬ್ಬರಿಗೂ ಬಿಳಿಯ ನಿಲುವಂಗಿ. ಕಾರನ್ನು ದಿಬ್ಬದ ಮರೆಯಲ್ಲಿ ನಿಲ್ಲಿಸಿ, ಬಾಗಿಲನ್ನು ಸದ್ದಾಗದಂತೆ ಒತ್ತಿ ಮುಚ್ಚಿ, ಮಾತಿಲ್ಲದೆ ನಡೆದೆವು. ಯಜಮಾನರು ಜೇಬಿನಿಂದ ಒಂದು ಎಸಳು ಕುರಿಯ ಉಣ್ಣೆಯನ್ನು ತೆಗೆದು ಬೆರಳಿನಿಂದ ಬಿಟ್ಟರು. ಅದು ತೇಲಿಹೋದ ದಿಕ್ಕನ್ನು ನೋಡಿಯೇ ಕೂರುವ ಸ್ಥಳವನ್ನು ಆರಿಸಿದರು. ಕಯೋಟಿ ಕಣ್ಣನ್ನೂ ಕಿವಿಯನ್ನೂ ನಂಬುವುದಕ್ಕಿಂತ ಮೂಗನ್ನು ನಂಬುವುದು. ಕೂಗು ಕೇಳಿ ನೇರವಾಗಿ ಬಂದರೂ, ಕೊನೆಗೆ ಸುತ್ತಿಕೊಂಡು ಗಾಳಿ ಬೀಸಿ ಹೋಗುವ ಕಡೆಗೆ ಬಂದು ವಾಸನೆ ಹಿಡಿಯುವುದು. ಮನುಷ್ಯನ ಗಂಧ ಬಂದಿತೋ, ಅಂದಿನ ಕೆಲಸ ಮುಗಿಯಿತು. ಗಾಳಿತಡೆಗೆಂದು ನೆಟ್ಟಿದ್ದ ಸೀಡರ್ ಮರಗಳ ಸಾಲಿಗೆ ಬೆನ್ನು ಕೊಟ್ಟು, ಸೂರ್ಯ ನಮ್ಮ ಹಿಂದೆ ಬರುವಂತೆ ಕುಳಿತೆವು. ಅವರ ಮೊಣಕಾಲಿನ ಮೇಲೆ ರೈಫಲು. ಪರದೇಶದವನಾದ ನಾನು ಅದನ್ನು ಮುಟ್ಟಲಿಲ್ಲ. ಮುಟ್ಟುವ ಆಸೆಯೂ ಇರಲಿಲ್ಲ. ಊದುವುದರಲ್ಲಿ ಏನು ದೋಷವೆಂದು ಆಗ ನನಗೆ ಅನ್ನಿಸಿರಲಿಲ್ಲ.

ಅವರು ತಲೆಯಾಡಿಸಿದರು. ಮೊದಲು ಮೆಲ್ಲಗೆ, ಅನಂತರ ಗಟ್ಟಿಯಾಗಿ, ಅರ್ಧ ನಿಮಿಷ ಊದಿ ನಿಲ್ಲಿಸಿದೆನು. ಎರಡು ನಿಮಿಷ ಮೌನ. ಮತ್ತೆ ಊದಿದೆನು. ನಮ್ಮ ಮುಂದೆ ಕೂಳೆಯ ಹೊಲ, ಅದರಾಚೆ ತೊರೆ, ತೊರೆಯ ಬದಿಯಲ್ಲಿ ಎಲೆಯುದುರಿದ ಮರಗಳು. ಒಂದು ಕಾಗೆ ಬಂದು ನೋಡಿಕೊಂಡು ಹೋಯಿತು. ಕಾಲ್ಬೆರಳುಗಳು ಇವೆಯೋ ಇಲ್ಲವೋ ತಿಳಿಯದಂತಾಯಿತು. ಹತ್ತು ಹನ್ನೆರಡು ನಿಮಿಷ ಕಳೆದಿರಬಹುದು. ತೊರೆಯ ದಡದಲ್ಲಿ ಒಂದು ಕಂದು ಚುಕ್ಕೆ ಅಲುಗಿತು. ಅದರ ಹಿಂದೆ ಇನ್ನೊಂದು.

ಮುಂದಿನದು ಓಡಿಬಂದಿತು. ಅದರ ಓಟದಲ್ಲಿ ಸಂಶಯವೆಂಬುದೇ ಇರಲಿಲ್ಲ. ಹಸಿದ ಪ್ರಾಣಿ ಊಟದ ಕರೆಗೆ ಬರುವಂತೆ, ನನ್ನ ದನಿಯ ಕಡೆಗೆ, ನನ್ನ ಮುಖದ ಕಡೆಗೇ ಬಂದಿತು. ನೂರು ಗಜವಿರುವಾಗ ಯಜಮಾನರು ಬಾಯಿಂದ 'ವುಫ್' ಎಂದು ಸಣ್ಣದೊಂದು ಸದ್ದು ಮಾಡಿದರು. ಅದು ನಿಂತು ತಲೆಯೆತ್ತಿತು. ಕೋವಿ ಹಾರಿತು. ನಿಂತಲ್ಲಿಯೇ ಬಿದ್ದಿತು, ಒದ್ದಾಡಲಿಲ್ಲ.

ಎರಡನೆಯದು ತಿರುಗಿ ಓಡಿತು. ಎರಡು ನೂರು ಗಜದಾಚೆ ಹೋಗಿ ನಿಂತು, ಹಿಂದಿರುಗಿ ನೋಡಿತು. ನಮ್ಮನ್ನು ನೋಡಲಿಲ್ಲ, ಬಿದ್ದುದನ್ನು ನೋಡಿತು. ಅವುಗಳಿಗೆ ಅದು ಜೊತೆಗೂಡುವ ಕಾಲ; ಜೋಡಿ ವರ್ಷಗಟ್ಟಲೆ ಬಿಡದೆ ಒಟ್ಟಿಗಿರುವುದೂ ಉಂಟು. ಯಜಮಾನರು ಕಣ್ಣನ್ನು ದುರ್ಬೀನಿನಿಂದ ತೆಗೆಯದೆ ಎಡಗೈಯ ಬೆರಳನ್ನು ಅಲುಗಿಸಿದರು. ಊದು ಎಂದು ಅದರ ಅರ್ಥ. ಇಂತಹ ಸಮಯದಲ್ಲಿ ಕೂಗು ಮತ್ತೆ ಕೇಳಿದರೆ ಓಡುವ ಪ್ರಾಣಿ ಕೂಡ ಗಳಿಗೆ ಹೊತ್ತು ನಿಲ್ಲುವುದೆಂದು ಅವರೇ ಕಲಿಸಿದ್ದರು. ಪೀಪಿ ನನ್ನ ತುಟಿಗಳ ನಡುವೆಯೇ ಇದ್ದಿತು. ಎದೆಯಲ್ಲಿ ಉಸಿರೂ ಇದ್ದಿತು. ನಾನು ಊದಲಿಲ್ಲ. ಅದು ಇನ್ನೂ ಸ್ವಲ್ಪ ಹೊತ್ತು ನೋಡಿ, ತೊರೆಯೊಳಕ್ಕೆ ಇಳಿದು ಮರೆಯಾಯಿತು.

"ಏನಾಯಿತು?" ಎಂದರು.

"ನಾಲಗೆ ಹೆಪ್ಪುಗಟ್ಟಿತು" ಎಂದೆನು. ಚಳಿಯಲ್ಲಿ ಬಾಯಿಯ ತೇವ ಪೀಪಿಯ ನಾಲಗೆಗೆ ಹತ್ತಿ ಹೆಪ್ಪುಗಟ್ಟುವುದುಂಟು. ಅದನ್ನೂ ಅವರೇ ಹೇಳಿದ್ದರು. ಅವರು ನನ್ನನ್ನೊಮ್ಮೆ ನೋಡಿ, ಎದ್ದು, ಸತ್ತುದರ ಬಳಿಗೆ ನಡೆದರು. ಗಂಡು. ಚಳಿಗಾಲದ ದಟ್ಟ ತುಪ್ಪಳದಲ್ಲಿ ಹಿಮದ ಪುಡಿ ಸಿಕ್ಕಿಕೊಂಡಿತ್ತು. ಯಜಮಾನರು ಕೈಗವಸನ್ನು ಕಳಚಿ ಅದರ ಕಿವಿಯನ್ನು ಒಮ್ಮೆ ಸವರಿದರು. ಏಕೆಂದು ನಾನು ಕೇಳಲಿಲ್ಲ.

ಕುರಿಗಳು ಈದವು. ಮಾರ್ಚಿಯ ಎರಡನೆಯ ವಾರ ಮೂರು ದಿನದ ಮರಿಯೊಂದು ಹೋಯಿತು. ವಾರ ಕಳೆದು ಇನ್ನೊಂದು. ಎರಡನೆಯದರ ಉಳಿದ ಭಾಗವನ್ನು ನಾನೇ ಬೇಲಿಯ ಬಳಿ ಕಂಡೆನು. ಗಂಟಲಿನಲ್ಲಿ ನಾಲ್ಕು ಹಲ್ಲಿನ ಗುರುತು. ತೊರೆಯ ಆ ಹೆಣ್ಣೇ ತಿಂದಿತೋ, ಬೇರೆಯದೋ, ಹೇಳಬಲ್ಲವರು ಯಾರು? ಆದರೆ ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ನನ್ನ ಕರುಣೆಗೆ ಬೆಲೆ ತೆತ್ತವರು ಅವರು. ತೆರುತ್ತಿರುವುದು ಏತಕ್ಕೆಂಬುದನ್ನು ಸಹ ನಾನು ಅವರಿಗೆ ತಿಳಿಸಿರಲಿಲ್ಲ. ಮನೆಯವರಿಗೆ ಹೇಳಿದೆನು. "ನನಗೆ ಹೇಳಿ ಏನು ಪ್ರಯೋಜನ?" ಎಂದು ಅವರು ಮಗ್ಗುಲಾದರು.

ಮರುದಿನ ಸಂಜೆ ಕೊಟ್ಟಿಗೆಗೆ ಹೋದೆನು. ಅವಳಿ ಹಾಕಿದ ಕುರಿಯೊಂದು ಒಂದು ಮರಿಯನ್ನು ಹತ್ತಿರಕ್ಕೇ ಸೇರಿಸದೆ ಒದೆಯುತ್ತಿತ್ತು; ಯಜಮಾನರು ಹುಲ್ಲಿನ ಮೇಲೆ ಕುಳಿತು ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆನು. ಮರಿಗಳ ಬೆಲೆಯನ್ನು ಕೊಡುವೆನೆಂದೂ ಹೇಳಿದೆನು.

"ಬಾಯೊಳಗಿದ್ದ ಪೀಪಿ ಹೆಪ್ಪುಗಟ್ಟುವುದಿಲ್ಲ" ಎಂದರು ಅವರು, ತಲೆಯೆತ್ತದೆಯೇ.

ಆಗ ನನಗೆ ಇನ್ನೊಂದನ್ನೂ ಹೇಳಬೇಕೆನಿಸಿತು. ನಮ್ಮ ತಾತನವರು 'ಅದರ ಪಾಲು' ಎನ್ನುತ್ತಿದ್ದುದು ನಿಜ. ಆದರೆ ಬರ ಬಂದ ಒಂದು ವರ್ಷ, ರೊಪ್ಪದಲ್ಲಿ ಉಳಿದಿದ್ದ ಕೆಲವೇ ಮರಿಗಳಲ್ಲಿ ನಾಲ್ಕನ್ನು ತೋಳ ಒಯ್ದಾಗ, ಅವರೇ ಗುಡ್ಡವನ್ನು ಹತ್ತಿ, ತೋಳನ ಬಿಲದ ಬಾಯಿಗೆ ಒಣಮುಳ್ಳು ತುಂಬಿ ಬೆಂಕಿಯಿಟ್ಟು ಬಂದರು. ಒಳಗೆ ಮರಿಗಳಿದ್ದವು. ನಾನು ಏಳು ವರ್ಷದ ಹುಡುಗ. ಮುಳ್ಳು ಹೊತ್ತುಕೊಂಡು ಅವರ ಹಿಂದೆ ಹೋಗಿದ್ದೆನು. ಮೊದಲ ದಿನ ಯಜಮಾನರಿಗೆ ಈ ಸಂಗತಿಯನ್ನು ಹೇಳದೆ ಬಿಟ್ಟಿದ್ದೆನು, ಯಾರಿಗೂ ಹೇಳಿರಲಿಲ್ಲ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಬೆಲೆಯ ಮಾತನ್ನು ಎತ್ತಲೇ ಇಲ್ಲ. ಆಮೇಲೆ ಕೆಮ್ಮುತ್ತ ಎದ್ದು, ಪಕ್ಕಕ್ಕೆ ಸರಿದು, ಮರಿಯನ್ನೂ ಬಾಟಲಿಯನ್ನೂ ನನ್ನ ತೊಡೆಗಿತ್ತು, "ಬಾಟಲಿಯನ್ನು ಇನ್ನಷ್ಟು ಓರೆ ಮಾಡಿ; ಗಾಳಿ ಕುಡಿಯುತ್ತದೆ" ಎಂದು ಹೇಳಿ, ಎರಡನೆಯ ಬಾಟಲಿಗೆ ಹಾಲು ಕಾಯಿಸಲು ಒಳಕ್ಕೆ ಹೋದರು.