ಬಾಯೊಳಗಿನ ತೊಟ್ಟಿಲು

ಬಂಗ್ಗಾಯ್ ದ್ವೀಪದ ಮರದ ಜೆಟ್ಟಿಯ ಮೇಲೆ ಬೋರಲು ಮಲಗಿ ನೀರನ್ನೇ ನೋಡುತ್ತಿದ್ದ 72 ವರ್ಷದ ಮುದುಕನನ್ನು ಕಂಡು ಅಲ್ಲಿನ ಮಕ್ಕಳಿಗೆ ನಗುವೋ ನಗು. ನಕ್ಕರೆ ನಗಲಿ. ನಾನು ಅಷ್ಟು ದೂರ ಹೋದದ್ದೇ ಒಂದು ಮೀನನ್ನು ನೋಡಲು. ಅದರ ಹತ್ತಿರ ನನ್ನದೊಂದು ಹಳೇ ಬಾಕಿ ಇತ್ತು.

ಮಗ ಇಂಡೊನೇಷ್ಯದ ಸುಲಾವೇಸಿಯಲ್ಲಿ, ಲುವುಕ್ ಎಂಬ ಊರಿನ ಹತ್ತಿರ ಎಂಜಿನಿಯರ್. ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದ. "ಇಲ್ಲೇ ಬೆಟ್ಟ, ಸಮುದ್ರ ಎರಡೂ ಇದೆಯಲ್ಲ, ಇನ್ನೆಲ್ಲಿಗೆ ಹೊರಟಿರಿ?" ಎಂದಳು ನಮ್ಮವಳು. ನಾನು ಮಗನನ್ನು ಕರೆದುಕೊಂಡು ಹಡಗು ಹತ್ತಿದೆ.

ಬಾಕಿಯ ವಿಷಯ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಮಗಳ ಮಗ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. ಏಳನೇ ಕ್ಲಾಸಿನ ಹುಡುಗ, ಆದರೆ ನೀರಿನ ಉಪ್ಪು, ಶಾಖ ಎಲ್ಲವನ್ನೂ ದಿನಾ ನೋಟ್ ಪುಸ್ತಕದಲ್ಲಿ ಬರೆಯುತ್ತಾನೆ. ನಮ್ಮ ಬ್ಯಾಂಕಿನ ಲೆಡ್ಜರ್ ಕೂಡ ಅಷ್ಟು ಚೊಕ್ಕಟವಾಗಿರಲಿಲ್ಲ. ಅದರಲ್ಲಿ ಒಂದು ಜೊತೆ ಬಂಗ್ಗಾಯ್ ಕಾರ್ಡಿನಲ್ ಮೀನು. ಗುಂಪಾಗಿ ಬಿಟ್ಟರೆ ದೊಡ್ಡವಾದ ಮೇಲೆ ಕಚ್ಚಾಡುತ್ತವಂತೆ, ಅದಕ್ಕೇ ಜೊತೆ.

ಗುರುತು ಸುಲಭ. ದೊಡ್ಡ ಕಣ್ಣು, ದೊಡ್ಡ ಬಾಯಿ, ಬೆನ್ನಿನ ಮೇಲೆ ಬೇರೆ ಬೇರೆಯಾಗಿ ನಿಂತ ಎರಡು ರೆಕ್ಕೆ ಇದ್ದರೆ ಕಾರ್ಡಿನಲ್ ಜಾತಿ. ಬೆಳ್ಳಿ ಮೈಮೇಲೆ ಕಪ್ಪು ಪಟ್ಟೆ, ಕಣ್ಣಿನ ಮೇಲೂ ಒಂದು ಪಟ್ಟೆ, ಅಲ್ಲಲ್ಲಿ ಬಿಳಿ ಚುಕ್ಕಿ, ಆಳವಾಗಿ ಕವಲೊಡೆದ ಬಾಲ ಇದ್ದರೆ ಅದು ಬಂಗ್ಗಾಯ್. ಎಷ್ಟು ಬೆಳೆದರೂ ಎಂಟು ಸೆಂಟಿಮೀಟರ್ ಆಸುಪಾಸು. ಅಂಗಡಿಯಲ್ಲಿ ಪೈಜಾಮ ಕಾರ್ಡಿನಲ್ ಅಂತ ಇನ್ನೊಂದು ಸಿಗುತ್ತದೆ. ಹಳದಿ ಮುಖ, ಕೆಂಪು ಕಣ್ಣು, ಸೊಂಟಕ್ಕೆ ಕಪ್ಪು ಪಟ್ಟಿ, ಹಿಂದೆ ಚುಕ್ಕಿ. ಮೂರು ಅಂಗಡಿಯ ಬಟ್ಟೆ ತುಂಡು ಸೇರಿಸಿ ಹೊಲಿದಂತೆ!

ಮೊಮ್ಮಗ ಶಾಲೆಯ ಪ್ರವಾಸಕ್ಕೆ ಹೋಗಿದ್ದಾಗ ಮೀನಿಗೆ ಊಟ ಹಾಕುವ ಕೆಲಸ ನನ್ನದಾಯಿತು. ಎರಡರಲ್ಲಿ ಒಂದು ಮೀನು ಊಟವನ್ನು ಮೂಸಿಯೂ ನೋಡಲಿಲ್ಲ. ಗಲ್ಲ ಊದಿಕೊಂಡಿತ್ತು, ಎಲೆಯಡಿಕೆ ತುಂಬಿಕೊಂಡವರ ಹಾಗೆ. ಕಾಯಿಲೆ ಬಂದಿದೆ, ಬೇರೆ ತೊಟ್ಟಿಗೆ ಹಾಕೋಣ ಎಂದು ಬಲೆ ಹಾಕಿ ಹಿಡಿದೆ. ಅದು ಗಾಬರಿಯಾಗಿ ಬಾಯಿಬಿಟ್ಟಿತು. ಕಿತ್ತಳೆ ಬಣ್ಣದ ಮೊಟ್ಟೆಗಳ ಗೊಂಚಲು ಕೆಳಗೆ ಬಿತ್ತು.

ಅದು ಗಂಡು ಮೀನು. ಹೆಣ್ಣು ಮೊಟ್ಟೆ ಇಟ್ಟ ಕೂಡಲೇ ಗಂಡು ಅವನ್ನು ಬಾಯಲ್ಲಿ ತುಂಬಿಕೊಳ್ಳುತ್ತದೆ. ಮೊಟ್ಟೆ ಒಡೆಯಲು ಸುಮಾರು 20 ದಿನ, ಮರಿಗಳು ಹೊರಗೆ ಬರಲು ಇನ್ನೂ ಒಂದು ವಾರದ ಮೇಲೆ. ಅಷ್ಟು ದಿನವೂ ಅಪ್ಪನಿಗೆ ಉಪವಾಸ. ಮೊಮ್ಮಗ ವಾಪಸು ಬಂದವನು ನೋಟ್ ಪುಸ್ತಕ ತೆಗೆದು, "18ನೇ ದಿನ ಆಗಿತ್ತು ತಾತ" ಎಂದ. ಬೈಯಲಿಲ್ಲ. ಎರಡು ದಿನ ಮಾತೂ ಆಡಲಿಲ್ಲ.

ಜೆಟ್ಟಿಯ ಕೆಳಗೆ ನೀರು ಎದೆಮಟ್ಟಕ್ಕಿಂತ ಆಳವಿರಲಿಲ್ಲ. ತಳದಲ್ಲಿ ಕರಿ ಸೂಜಿಗಳನ್ನು ಚುಚ್ಚಿಟ್ಟ ಚೆಂಡುಗಳಂಥ ಜೀವಿಗಳು. ಅಲ್ಲಿಯವರು ಅದಕ್ಕೆ 'ಬುಲು ಬಾಬಿ' ಎನ್ನುತ್ತಾರೆ, ಹಂದಿಯ ಕೂದಲು ಎಂದರ್ಥ. ಆ ಮುಳ್ಳುಗಳ ನಡುವೆ ನಮ್ಮ ಮೀನುಗಳು! ಕಪ್ಪು ಪಟ್ಟೆ ಯಾಕೆ ಬೇಕಿತ್ತೆಂದು ಆಗ ತಿಳಿಯಿತು. ಮುಳ್ಳು ಯಾವುದು, ಮೀನು ಯಾವುದು ಎಂದು ಹೇಳಲಾಗದು.

ಮರಿಗಳು ಅಪ್ಪನ ಬಾಯಿಂದ ಬಂದು ಅಲ್ಲೇ ಪಕ್ಕದ ಮುಳ್ಳಿನೊಳಗೆ ಸೇರಿಕೊಳ್ಳುತ್ತವೆ. ಬೇರೆ ಮೀನಿನ ಮರಿಗಳಂತೆ ಅಲೆಯಲ್ಲಿ ತೇಲಿ ದೂರ ಹೋಗುವುದಿಲ್ಲ. ಹಾಗಾಗಿ ಇವುಗಳ ಮೂಲ ನೆಲೆ ಈ ದ್ವೀಪಸಮೂಹ ಮಾತ್ರ. 1933ರಲ್ಲಿ ವಿಜ್ಞಾನಿಗಳು ಹೆಸರಿಟ್ಟು ಮರೆತರು. 1990ರ ದಶಕದಲ್ಲಿ ಮತ್ತೆ ಕಣ್ಣಿಗೆ ಬಿದ್ದದ್ದೇ ತಡ, ಅಕ್ವೇರಿಯಂ ವ್ಯಾಪಾರಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಹಿಡಿದು ಸಾಗಿಸಿದರು. 2007ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತು. ತೊಟ್ಟಿಯಲ್ಲೇ ಮರಿ ಮಾಡಿಸಿದ ಮೀನು ಈಗ ಸಿಗುತ್ತದೆ. ಕೊಳ್ಳುವವರು ಅದನ್ನೇ ಕೇಳಿ ಕೊಳ್ಳಬೇಕು. ಮೊಮ್ಮಗನದೂ ಅಂಥದ್ದೇ.

ಗುಂಪಿನಿಂದ ಸ್ವಲ್ಪ ಆಚೆ ಒಂದು ಮೀನು ಅಲುಗಾಡದೆ ನಿಂತಿತ್ತು. ಗಲ್ಲ ತುಂಬಿತ್ತು. ಮಗನ ಫೋನಿನಲ್ಲಿ ವಿಡಿಯೊ ಕರೆ ಮಾಡಿಸಿ ಮೊಮ್ಮಗನಿಗೆ ತೋರಿಸಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ ದನಿ ಬಂತು:

"ತಾತ, ಕೈ ಹಿಂದೆ ಕಟ್ಟಿಕೊಂಡು ನೋಡು."

ಕಟ್ಟಿಕೊಂಡೆ.